ಟರ್ಮಿನಲ್‌ನಲ್ಲಿ ಓಡುತ್ತೆ, ಸರ್ವಿಸ್ ಆಗಿ ಯಾಕೆ ಓಡಲ್ಲ?

ನಮ್ಮ ಪ್ರಾಜೆಕ್ಟ್ ಏನೂ ದೊಡ್ಡದಲ್ಲ. ಲ್ಯಾಬಿನ ನಾಲ್ಕು ಮೂಲೆಯಲ್ಲಿಟ್ಟ ಸೆನ್ಸರ್‌ಗಳು ತಾಪಮಾನ, ತೇವಾಂಶ ಕಳಿಸ್ತವೆ. ಲ್ಯಾಬ್ ಸರ್ವರಿನಲ್ಲಿರುವ ಒಂದು ಪೈಥಾನ್ ಪ್ರೋಗ್ರಾಂ ಅದನ್ನು ಒಂದು ಪೋರ್ಟಿನಲ್ಲಿ ತಗೊಂಡು ಫೈಲಿಗೆ ಬರೆಯುತ್ತೆ. ರಿವ್ಯೂಗೆ ಏಳು ದಿನದ ಡೇಟಾ ಬೇಕು ಅಂತ ಗೈಡ್ ಮೊದಲೇ ಹೇಳಿದ್ದರು. ಟರ್ಮಿನಲ್‌ನಲ್ಲಿ ಓಡಿಸಿದರೆ ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಪ್ರೋಗ್ರಾಂ ನಿಂತುಹೋಗ್ತಿತ್ತು. ಹಾಗಾಗಿ ಅದನ್ನು ಸಿಸ್ಟಮ್‌ಡಿ ಸರ್ವಿಸ್ ಮಾಡಿ, ‘ಸೆನ್ಸರ್‌ಲಾಗ್’ ಅಂತ ಹೆಸರಿಟ್ಟು, ಸ್ಟಾರ್ಟ್ ಕೊಟ್ವಿ. ಒಂದು ಎರರ್ ಕೂಡ ಬರಲಿಲ್ಲ. ಖುಷಿಯಾಗಿ ಕ್ಯಾಂಟೀನಿಗೆ ಹೋದ್ವಿ. ಮೂರು ದಿನ ಬಿಟ್ಟು ನೋಡಿದರೆ ಫೈಲಿನಲ್ಲಿ ಒಂದು ಸಾಲೂ ಹೆಚ್ಚಾಗಿರಲಿಲ್ಲ.

ಹೋದ ಮೂರು ದಿನದ ಡೇಟಾ ಮತ್ತೆ ಬರಲ್ಲ. ಆದರೆ ನಾಲ್ಕನೇ ದಿನ ನಾವು ಕಲಿತದ್ದು ನಿಮ್ಮ ಮೂರು ದಿನವನ್ನಾದರೂ ಉಳಿಸಬಹುದು ಅಂತ ಈ ಬರಹ. ಕಮಾಂಡ್‌ಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರ ಬಳಸಿ!

ಮೌನ ಅಂದರೆ ಸಮ್ಮತಿ ಅಲ್ಲ

ಸಿಸ್ಟಮ್‌ಡಿ ಹುಟ್ಟಿದ್ದು 2010ರಲ್ಲಿ. ಉಬುಂಟು 2015ರ ತನ್ನ 15.04 ಆವೃತ್ತಿಯಿಂದ ಅದನ್ನೇ ಬಳಸ್ತಿದೆ. ಸರ್ವರ್ ಆನ್ ಆದಾಗ ಯಾವ ಸರ್ವಿಸ್ ಏಳಬೇಕು, ಬಿದ್ದರೆ ಮತ್ತೆ ಎಬ್ಬಿಸಬೇಕಾ ಅನ್ನೋದನ್ನೆಲ್ಲ ಅದೇ ನೋಡಿಕೊಳ್ಳುತ್ತೆ. ಅದಕ್ಕೆ ಕೆಲಸ ಹೇಳೋಕೆ ‘ಸಿಸ್ಟಮ್‌ಸಿಟಿಎಲ್’, ಅದು ಬರೆದಿಟ್ಟ ಲಾಗ್ ಓದೋಕೆ ‘ಜರ್ನಲ್‌ಸಿಟಿಎಲ್’.

‘ಮೌನಂ ಸಮ್ಮತಿ ಲಕ್ಷಣಂ’ ಅನ್ನೋದು ಇಲ್ಲಿ ನಡೆಯಲ್ಲ. ಸರ್ವಿಸ್ ಫೈಲಿನಲ್ಲಿ ಟೈಪ್ ಏನೂ ಬರೆಯದಿದ್ದರೆ ಅದು ಸಾಮಾನ್ಯವಾಗಿ ‘ಸಿಂಪಲ್’ ಆಗುತ್ತೆ. ಸಿಂಪಲ್ ಅಂದರೆ, ಪ್ರೋಸೆಸ್ ಒಂದನ್ನು ಹುಟ್ಟುಹಾಕಿದ ತಕ್ಷಣ ಸ್ಟಾರ್ಟ್ ಕಮಾಂಡಿನ ಕೆಲಸ ಮುಗೀತು. ಆ ಪ್ರೋಸೆಸ್ ಮುಂದಿನ ಕ್ಷಣವೇ ಸತ್ತರೂ ಸ್ಟಾರ್ಟ್‌ಗೆ ಗೊತ್ತಾಗಲ್ಲ. ಆದ್ದರಿಂದ ಸ್ಟಾರ್ಟ್ ಕೊಟ್ಟು ಹತ್ತು ಸೆಕೆಂಡ್ ಬಿಟ್ಟು ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಸೆನ್ಸರ್‌ಲಾಗ್’ ಕೊಡಲೇಬೇಕು.

ನಮ್ಮ ಸ್ಟೇಟಸ್‌ನಲ್ಲಿ ‘ಫೇಲ್ಡ್’ ಅಂತ ಕೆಂಪಗಿತ್ತು. ಕೆಳಗೆ ‘ಸ್ಟಾರ್ಟ್ ರಿಕ್ವೆಸ್ಟ್ ರಿಪೀಟೆಡ್ ಟೂ ಕ್ವಿಕ್ಲಿ’ ಅನ್ನೋ ಸಾಲು. ಅದನ್ನೇ ಕಾಯಿಲೆ ಅಂದುಕೊಂಡು ಅರ್ಧ ಗಂಟೆ ಕಳೆದ್ವಿ. ಅದು ಕಾಯಿಲೆ ಅಲ್ಲ, ಲಕ್ಷಣ. ಬಿದ್ದರೆ ಸದಾ ಎಬ್ಬಿಸು ಅಂತ ನಾವೇ ಬರೆದಿದ್ವಿ. ಹತ್ತು ಸೆಕೆಂಡಿನೊಳಗೆ ಐದು ಸಲ ಎದ್ದು ಬಿದ್ದರೆ ಸಿಸ್ಟಮ್‌ಡಿ ಸಾಕು ಅಂತ ಕೈಬಿಡುತ್ತೆ. ನಿಜವಾದ ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿರುತ್ತೆ. ಅದನ್ನು ಓದೋಕೆ ‘ಸುಡೊ ಜರ್ನಲ್‌ಸಿಟಿಎಲ್ -ಯು ಸೆನ್ಸರ್‌ಲಾಗ್ -ಇ’. ಸರಿಪಡಿಸಿದ ಮೇಲೂ ಹಳೇ ಲೆಕ್ಕ ಅಡ್ಡ ಬಂದರೆ ‘ರೀಸೆಟ್-ಫೇಲ್ಡ್’ ಕೊಟ್ಟು ಮತ್ತೆ ಸ್ಟಾರ್ಟ್ ಮಾಡಿ.

ಹಾಸ್ಟೆಲಿನ ಮೊದಲ ದಿನ

ಲಾಗ್‌ನಲ್ಲಿ ಮೊದಲು ಕಂಡದ್ದು ‘ಮಾಡ್ಯೂಲ್‌ನಾಟ್‌ಫೌಂಡ್’ ಎರರ್. ಟರ್ಮಿನಲ್‌ನಲ್ಲಿ ಸಿಕ್ಕಿದ ಮಾಡ್ಯೂಲ್ ಇಲ್ಲಿ ಯಾಕೆ ಸಿಗಲಿಲ್ಲ? ಮನೆಯಲ್ಲಿ ಸೋಪಿನಿಂದ ಹಿಡಿದು ಚಾರ್ಜರ್‌ವರೆಗೆ ಎಲ್ಲ ಕೈಗೆ ಸಿಗುತ್ತೆ. ಹಾಸ್ಟೆಲಿನ ಮೊದಲ ದಿನ ಬಕೆಟ್ಟೂ ಇರಲ್ಲ. ಟರ್ಮಿನಲ್ ಅಂದರೆ ನಮ್ಮ ಮನೆ: ನಮ್ಮ ಪಾತ್ ಸೆಟ್ಟಿಂಗ್, ನಾವು ಆನ್ ಮಾಡಿದ ವರ್ಚುವಲ್ ಎನ್ವಿರಾನ್‌ಮೆಂಟ್, ನಾವು ನಿಂತಿರುವ ಫೋಲ್ಡರ್. ಸರ್ವಿಸ್ ಇದ್ಯಾವುದನ್ನೂ ಕಂಡಿಲ್ಲ. ಅದು ನಮ್ಮ ‘.ಬ್ಯಾಶ್‌ಆರ್‌ಸಿ’ ಓದಲ್ಲ. ಬೇಕಾದದ್ದನ್ನೆಲ್ಲ ನಾವೇ ಬರೆದುಕೊಡಬೇಕು.

‘ಎಕ್ಸೆಕ್‌ಸ್ಟಾರ್ಟ್’ ಸಾಲಿನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟಿನೊಳಗಿನ ಪೈಥಾನ್‌ನ ಪೂರ್ತಿ ವಿಳಾಸ ಕೊಟ್ವಿ. ರೀಸ್ಟಾರ್ಟ್ ಮಾಡಿದರೆ ಅದೇ ಎರರ್! ಸರ್ವಿಸ್ ಫೈಲ್ ಬದಲಾಯಿಸಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಡದಿದ್ದರೆ ಸಿಸ್ಟಮ್‌ಡಿ ಹಳೆಯದನ್ನೇ ನೆನಪಿಟ್ಟುಕೊಂಡಿರುತ್ತೆ. ಆ ಎಚ್ಚರಿಕೆ ಪರದೆ ಮೇಲೇ ಬಂದಿತ್ತು, ನಾವು ಓದಿರಲಿಲ್ಲ ಅಷ್ಟೆ.

ಮಾಡ್ಯೂಲ್ ಸರಿಹೋದ ಮೇಲೆ ‘ಫೈಲ್ ಸಿಗಲಿಲ್ಲ’ ಅನ್ನೋ ಎರರ್. ಪ್ರೋಗ್ರಾಂನಲ್ಲಿ ‘ಡೇಟಾ’ ಫೋಲ್ಡರಿನ ಒಳಗೆ ಬರಿ ಅಂತಷ್ಟೇ ಇತ್ತು. ಸಿಸ್ಟಮ್ ಸರ್ವಿಸ್ ನಿಂತಿರೋದು ನಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಲ್ಲ, ಎಲ್ಲಕ್ಕಿಂತ ಮೇಲಿನ ರೂಟ್ ಫೋಲ್ಡರಿನಲ್ಲಿ. ಅಲ್ಲಿ ‘ಡೇಟಾ’ ಎಲ್ಲಿಂದ ಬರಬೇಕು? ‘ವರ್ಕಿಂಗ್‌ಡೈರೆಕ್ಟರಿ’ ಸಾಲು ಸೇರಿಸಿದ್ವಿ, ಸರಿಹೋಯ್ತು.

ಪ್ರೋಗ್ರಾಂ ಶುರುವೇ ಆಗದಿದ್ದರೆ ಸ್ಟೇಟಸ್‌ನಲ್ಲಿ ಒಂದು ನಂಬರ್ ಸಿಗುತ್ತೆ. 203 ಅಂದರೆ ಆ ಫೈಲನ್ನು ಓಡಿಸಲು ಆಗಲಿಲ್ಲ: ವಿಳಾಸ ತಪ್ಪು, ಎಕ್ಸಿಕ್ಯೂಟ್ ಪರ್ಮಿಷನ್ ಇಲ್ಲ, ಅಥವಾ ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟ್ ತನ್ನ ಸಾಲಿನ ಕೊನೆಯ ಗುರುತನ್ನೂ ಹೊತ್ತು ತಂದಿದೆ. 200 ಅಂದರೆ ವರ್ಕಿಂಗ್‌ಡೈರೆಕ್ಟರಿಗೆ ಹೋಗಲು ಆಗಲಿಲ್ಲ. 217 ಅಂದರೆ ಕೊಟ್ಟ ಯೂಸರ್ ಸಮಸ್ಯೆ, ಹೆಚ್ಚಾಗಿ ಆ ಹೆಸರೇ ಇರಲ್ಲ.

ಸ್ಟಾಪ್ ಕೊಟ್ಟರೂ ನಿಲ್ಲದವನು

ಕೊನೆಗೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’. ನಾವು ಇಷ್ಟೆಲ್ಲ ಹುಡುಕ್ತಿರುವಾಗ ‘ಡೇಟಾ ಹೋಗೋದು ಬೇಡ’ ಅಂತ ನಮ್ಮ ಗೆಳೆಯನೊಬ್ಬ ಅದೇ ಪ್ರೋಗ್ರಾಂ ಅನ್ನು ‘ನೋಹಪ್’ ಹಾಕಿ ಬೇರೆಯಾಗಿ ಓಡಿಸಿಬಿಟ್ಟಿದ್ದ. ಪೋರ್ಟ್ ಅವನ ಕೈಯಲ್ಲಿತ್ತು. ಸರ್ವಿಸ್‌ಗೆ ಸ್ಟಾಪ್ ಕೊಟ್ಟರೂ ಅದು ಹೋಗಲಿಲ್ಲ. ತಾನು ಹುಟ್ಟುಹಾಕಿದ ಪ್ರೋಸೆಸ್‌ಗಳನ್ನು ಸಿಸ್ಟಮ್‌ಡಿ ಒಂದು ಗುಂಪಾಗಿ ಗುರುತಿಟ್ಟಿರುತ್ತೆ, ಸ್ಟಾಪ್ ಕೊಟ್ಟಾಗ ಆ ಗುಂಪನ್ನಷ್ಟೇ ನಿಲ್ಲಿಸುತ್ತೆ. ಹೊರಗೆ ಶುರುವಾದದ್ದು ಅದರ ಲೆಕ್ಕಕ್ಕಿಲ್ಲ. ‘ಸುಡೊ ಎಸ್ಎಸ್ -ಎಲ್‌ಟಿಎನ್‌ಪಿ’ ಕೊಟ್ಟು ಪೋರ್ಟ್ ಹಿಡಿದಿರುವ ಪ್ರೋಸೆಸ್ ಯಾವುದು ಅಂತ ನೋಡಿ, ಅದನ್ನು ನಿಲ್ಲಿಸಿದ ಮೇಲೆ ಸ್ಟೇಟಸ್‌ನಲ್ಲಿ ಹಸಿರು ಬಂತು.

ಇನ್ನೆರಡು ಮಾತು. ಪ್ರಿಂಟ್ ಹಾಕಿದ್ದೆಲ್ಲ ಜರ್ನಲ್‌ನಲ್ಲಿ ತಕ್ಷಣ ಕಾಣದಿದ್ದರೆ ಗಾಬರಿ ಬೇಡ, ಎದುರಿಗೆ ಟರ್ಮಿನಲ್ ಇಲ್ಲದಾಗ ಪೈಥಾನ್ ಅದನ್ನು ಕೂಡಿಟ್ಟುಕೊಂಡು ಬರೆಯುತ್ತೆ. ಪೈಥಾನ್‌ಗೆ ‘-ಯು’ ಕೊಟ್ಟರೆ ಕೂಡಲೇ ಬರುತ್ತೆ. ಹಾಗೇ, ಸ್ಟಾರ್ಟ್ ಬೇರೆ, ‘ಎನೇಬಲ್’ ಬೇರೆ. ಎನೇಬಲ್ ಮಾಡದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ಸರ್ವರ್ ಏಳುತ್ತೆ, ನಿಮ್ಮ ಸರ್ವಿಸ್ ಏಳಲ್ಲ.

ಆ ದಿನ ನಮಗೆ ಬಂದ ಸಲಹೆಗಳು ಮೂರು: ಎಲ್ಲಕ್ಕೂ 777 ಪರ್ಮಿಷನ್ ಕೊಡಿ, ರೂಟ್ ಆಗಿ ಓಡಿಸಿ, ಸರ್ವರ್ ರೀಬೂಟ್ ಮಾಡಿ. ನಮ್ಮ ತೊಂದರೆಗಳಲ್ಲಿ ಮೊದಲ ಎರಡರಿಂದ ಒಂದೂ ಸರಿಹೋಗ್ತಿರಲಿಲ್ಲ. ಬದಲಿಗೆ ಬೇರೆ ಟೀಮ್‌ಗಳೂ ಬಳಸುವ ಸರ್ವರಿನ ಬಾಗಿಲು ತೆರೆದಿಟ್ಟ ಹಾಗೆ ಆಗ್ತಿತ್ತು. ರೀಬೂಟ್ ಮಾಡಿದ್ದರೆ ಪೋರ್ಟ್ ಬಿಡ್ತಿತ್ತು ನಿಜ, ಆದರೆ ಬೇರೆಯವರ ಕೆಲಸವೂ ಅದರ ಜೊತೆ ನಿಲ್ತಿತ್ತು.

ರಿವ್ಯೂನಲ್ಲಿ ನಾಲ್ಕು ದಿನದ ಡೇಟಾ ಮಾತ್ರ ತೋರಿಸಿದ್ವಿ. ಗ್ರಾಫಿನ ಮೊದಲ ಮೂರು ದಿನ ಖಾಲಿ. ಯಾಕೆ ಅಂತ ಕೇಳಿದರು, ಇದನ್ನೇ ಹೇಳಿದ್ವಿ. ಸ್ವಲ್ಪ ಮಾರ್ಕ್ಸ್ ಹೋಯ್ತು. ನಿಮ್ಮದು ಹೋಗದಿರಲಿ: ಸ್ಟಾರ್ಟ್ ಕೊಟ್ಟ ಮೇಲೆ ಕ್ಯಾಂಟೀನಿಗೆ ಹೊರಡೋ ಮುಂಚೆ ಸ್ಟೇಟಸ್ ನೋಡಿ, ಆಮೇಲೆ ಫೈಲಿನಲ್ಲಿ ಸಾಲು ಹೆಚ್ಚಾಗ್ತಿದೆಯಾ ಅಂತಲೂ ನೋಡಿ.