ಬೆರಳು ಓದುವ ಕಾರ್ಡು

ಮನೆಯಲ್ಲಿ ಬಿದ್ದಿರುವ ಯಾವುದಾದರೂ ಮದುವೆ ಕಾರ್ಡನ್ನು ಕೈಗೆತ್ತಿಕೊಳ್ಳಿ. ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿ. ಒಂದು ಕಡೆ ಬಳ್ಳಿ ಉಬ್ಬಿದಂತೆ, ಇನ್ನೊಂದು ಕಡೆ ಅಂಚು ಕತ್ತರಿಸಿ ಜಾಲರಿ ಮಾಡಿದಂತೆ ತಗಲುತ್ತದೆ. ಕಾಗದವನ್ನು ಹೀಗೆ ಉಬ್ಬಿಸುವುದಕ್ಕೆ ಎಂಬಾಸಿಂಗ್ ಎಂದು ಹೆಸರು. ಅಚ್ಚು ಒತ್ತಿ ಆಕಾರ ಕತ್ತರಿಸುವುದು ಡೈ ಕಟಿಂಗ್. ಪ್ರೆಸ್‌ನವರ ಬಾಯಲ್ಲಿ ಅದು ಬರೀ ‘ಪಂಚಿಂಗ್’. ಈ ಎರಡೂ ಕೆಲಸವನ್ನು ಮನೆಯಲ್ಲಿ ಸಿಗುವ ಸಾಮಾನುಗಳಿಂದ ಮಾಡಿ ಚೆಂದದ ಶುಭಾಶಯ ಪತ್ರ ತಯಾರಿಸಬಹುದು. ಆದರೆ ‘ಚೆಂದ’ ಎಂದರೆ ಯಾರಿಗೆ ಚೆಂದ ಎಂಬ ಪ್ರಶ್ನೆಯೊಂದಿದೆ. ಅದನ್ನು ನನ್ನ ತಲೆಗೆ ಹಾಕಿದವಳು ನನ್ನ ಪಕ್ಕದ ಬೆಂಚಿನ ಗೆಳತಿ.

ಅವಳಿಗೆ ಕಣ್ಣು ಕಾಣುವುದಿಲ್ಲ. ಹತ್ತನೇ ತರಗತಿವರೆಗೆ ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಓದಿ ಪಿಯುಸಿಗೆ ನಮ್ಮ ಕಾಲೇಜಿಗೆ ಸೇರಿದಳು. ಕಳೆದ ಈದ್‌ಗೆ ತರಗತಿಯವರೆಲ್ಲ ಅವಳಿಗೂ ಕಾರ್ಡು ಕೊಟ್ಟಿದ್ದೆವು. ಆಮೇಲೊಂದು ದಿನ ಊಟದ ಬಿಡುವಿನಲ್ಲಿ ಅವಳು ನಗುತ್ತಾ, “ನಿಮ್ಮೆಲ್ಲರ ಕಾರ್ಡೂ ನನಗೆ ಒಂದೇ ಕಾರ್ಡು ಮಾರಾಯ್ತಿ. ದಪ್ಪ ಕಾಗದ, ನಡುವೆ ಒಂದು ಮಡಿಕೆ. ಅಷ್ಟೇ” ಅಂದಳು. ಯಾರದು ಯಾವುದು ಎಂದು ಗೊತ್ತಾಗಲು ಒಂದೊಂದರ ಮೂಲೆಯಲ್ಲೂ ಸೂಜಿಯಿಂದ ಚುಚ್ಚಿ ಗುರುತು ಮಾಡಿಟ್ಟುಕೊಂಡಿದ್ದಳು. ಈ ಲೇಖನ ಬರೆಯಲೇ ಎಂದು ಕೇಳಿದಾಗ ಅವಳು ಹಾಕಿದ ಷರತ್ತು ಒಂದೇ: “ಬರಿ, ಆದರೆ ಕನಿಕರದ ಕಥೆ ಬೇಡ. ಕಾರ್ಡಿನ ಬಗ್ಗೆ ಬರಿ.” ಹಾಗಾಗಿ ಇನ್ನು ಕಾರ್ಡಿನ ಬಗ್ಗೆ.

ಮೊದಲು ಕಾಗದ. ನನ್ನ ಮಾಮು ಶಿವಮೊಗ್ಗದಲ್ಲಿ ಒಂದು ಸಣ್ಣ ಪ್ರೆಸ್ ನಡೆಸುತ್ತಾರೆ. ಅವರು ಹೇಳುವ ಪ್ರಕಾರ ಕಾರ್ಡು ಕೆಟ್ಟರೆ ಹತ್ತರಲ್ಲಿ ಎಂಟು ಸಲ ತಪ್ಪು ಕಾಗದದ್ದೇ. ನಾವು ಜೆರಾಕ್ಸ್‌ಗೆ ಬಳಸುವ ಹಾಳೆ 70-75 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಅಷ್ಟು ಗ್ರಾಂ. ಅದನ್ನು ಉಬ್ಬಿಸಲು ಹೋದರೆ ಹರಿಯುತ್ತದೆ. ಕಾರ್ಡಿಗೆ 200ರಿಂದ 250 ಜಿಎಸ್‌ಎಂ ಬೇಕು. ಸ್ಟೇಷನರಿ ಅಂಗಡಿಯಲ್ಲಿ ದಪ್ಪನೆಯ ಐವರಿ ಶೀಟ್ ಕೇಳಿದರೆ ಸಾಕು. ಮಿರಮಿರ ಮಿಂಚುವ ಆರ್ಟ್ ಕಾರ್ಡ್ ನೋಡಲು ಚೆನ್ನ, ಆದರೆ ಅದರ ಮೇಲೆ ಒಂದು ಲೇಪನವಿರುತ್ತದೆ. ಉಬ್ಬಿಸಿದಾಗ ಆ ಲೇಪನ ಬಿರುಕು ಬಿಡುತ್ತದೆ. ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ ಕೈಕಾಗದದಲ್ಲಿ ನಾರು ಉದ್ದವಾಗಿರುವುದರಿಂದ ಅದು ಎಲ್ಲಕ್ಕಿಂತ ಚೆನ್ನಾಗಿ ಉಬ್ಬುತ್ತದೆ.

ಕಾಗದ ಎಂದರೆ ಸಣ್ಣ ಸಣ್ಣ ನಾರುಗಳ ಚಾಪೆ. ಉಬ್ಬಿಸುವಾಗ ನಾವು ಆ ನಾರುಗಳನ್ನು ಸ್ವಲ್ಪ ಎಳೆದು ಹೊಸ ಜಾಗದಲ್ಲಿ ಕೂರಿಸುತ್ತೇವೆ. “ಒಣಗಿ ಕಡ್ಡಿಯಾಗಿದ್ರೆ ಕಾಗದ ಉಬ್ಬಲ್ಲ ಬೇಟಾ, ಒಡೀತದೆ” ಎನ್ನುತ್ತಾರೆ ಮಾಮು. ಅವರು ಹಾಳೆಯ ಹಿಂಬದಿಗೆ ಹಿಂಡಿದ ಒದ್ದೆ ಬಟ್ಟೆಯನ್ನು ಒಂದೇ ಸಲ ಮೆಲ್ಲಗೆ ಸವರಿ, ಎರಡು ನಿಮಿಷ ಬಿಟ್ಟು ಕೆಲಸ ಶುರು ಮಾಡುತ್ತಾರೆ. ಇನ್ನೊಂದು ವಿಷಯ: ಕಾರ್ಖಾನೆಯ ಹಾಳೆಯಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಎರಡೂ ಕಡೆಯಿಂದ ಸ್ವಲ್ಪ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಆ ಕಡೆಗೇ ಮಡಿಕೆ ಬರುವಂತೆ ಕಾರ್ಡು ಕತ್ತರಿಸಿಕೊಳ್ಳಿ. ಅಡ್ಡಕ್ಕೆ ಮಡಿಸಿದರೆ ಮಡಿಕೆ ಒಡೆದು ಬಿಳಿ ಗೀರು ಕಾಣುತ್ತದೆ.

ಇನ್ನು ಉಬ್ಬಿಸುವ ಕೆಲಸ. ಅಂಗಡಿಯಲ್ಲಿ ಇದಕ್ಕೆಂದೇ ಉರುಳೆಗಳಿರುವ ಕೈಯಂತ್ರ ಸಿಗುತ್ತದೆ. ಬೆಲೆ ಸಾವಿರಾರು ರೂಪಾಯಿ. ನಮಗೆ ಅದು ಬೇಡ. ಒಂದು ಹಳೆಯ ಎಕ್ಸ್‌-ರೇ ಫಿಲ್ಮ್, ಒಂದು ಬ್ಲೇಡು, ಶಾಯಿ ಮುಗಿದ ಬಾಲ್‌ಪೆನ್, ಸ್ವೆಟರ್ ಹೆಣೆಯುವ ಕಡ್ಡಿ, ಒಂದು ಮೇಣದ ಬತ್ತಿ ಇದ್ದರೆ ಆಯಿತು. ಫಿಲ್ಮ್‌ನಲ್ಲಿ ಬೇಕಾದ ಆಕಾರವನ್ನು, ಚಂದ್ರನೋ ಎಲೆಯೋ ಕಮಾನೋ, ಕತ್ತರಿಸಿ ತೂತು ಮಾಡಿಕೊಳ್ಳಿ. ಅದನ್ನು ಹಗಲಿನಲ್ಲಿ ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿಸಿ. ಕಾರ್ಡಿನ ಹಿಂಬದಿ ನಿಮ್ಮ ಕಡೆಗೆ ಬರುವಂತೆ ಅದರ ಮೇಲಿಡಿ. ಬೆಳಕಿನಲ್ಲಿ ಆಕಾರ ಕಾಣುತ್ತದೆ. ಕಾಗದದ ಮೇಲೆ ಮೇಣದ ಬತ್ತಿಯನ್ನು ಒಮ್ಮೆ ಸವರಿ, ಕಡ್ಡಿ ಜಾರಲು ಅನುಕೂಲವಾಗುತ್ತದೆ. ಮೊದಲು ಹೆಣಿಗೆ ಕಡ್ಡಿಯ ಮೊಂಡು ತುದಿಯಿಂದ ಆಕಾರದ ಒಳಭಾಗವನ್ನು ಒತ್ತಿ, ಕೊನೆಗೆ ಬಾಲ್‌ಪೆನ್ನಿನಿಂದ ಅಂಚನ್ನು ಎರಡು ಮೂರು ಸಲ ತೀಡಿ. ಒಂದೇ ಸಲ ಜೋರಾಗಿ ಒತ್ತುವುದಕ್ಕಿಂತ ಹಗುರವಾಗಿ ಹಲವು ಸಲ ಒತ್ತುವುದು ಮೇಲು. ಕಾರ್ಡು ತಿರುಗಿಸಿದರೆ ಚಂದ್ರ ಎದ್ದು ಕೂತಿರುತ್ತಾನೆ.

ಹಿಂದಿನಿಂದ ಒತ್ತುವುದರಿಂದ ಎಡ ಬಲ ಅದಲು ಬದಲಾಗುತ್ತದೆ ಎಂಬುದು ನೆನಪಿರಲಿ. ಹೂವಿಗೆ ತೊಂದರೆಯಿಲ್ಲ. ಅಕ್ಷರವಿದ್ದರೆ ಫಿಲ್ಮನ್ನು ಮಗುಚಿ ಅಂಟಿಸಬೇಕು.

ಇಷ್ಟು ಮಾಡಿದರೆ ಕಣ್ಣಿಗೆ ಸೊಗಸಾದ ಕಾರ್ಡು ಸಿದ್ಧ. ಉಬ್ಬಿಗೆ ಬಣ್ಣ ಬೇಡ, ಪಕ್ಕದಿಂದ ಬೀಳುವ ಬೆಳಕು, ನೆರಳೇ ಅದರ ಶಾಯಿ. ಬೆಳಕು ಸರಿಯಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಉಪಖಂಡದಲ್ಲೇ ಒಂದು ಹಳೆಯ ಸಾಕ್ಷಿಯಿದೆ. 1852ರಲ್ಲಿ ಸಿಂಧ್ ಪ್ರಾಂತ್ಯದಲ್ಲಿ ಬಾರ್ಟಲ್ ಫ್ರಿಯರ್ ಎಂಬ ಅಧಿಕಾರಿಯ ಕಾಲದಲ್ಲಿ ‘ಸಿಂಧ್ ಡಾಕ್’ ಎಂಬ ಅಂಚೆಚೀಟಿ ಬಂತು. ಏಷ್ಯಾದಲ್ಲೇ ಮೊದಲ ಅಂಟಿಸುವ ಅಂಚೆಚೀಟಿ ಅದು. ಗುಂಡಗಿನ ಆಕಾರ, ಉಬ್ಬು ಮುದ್ರೆ. ಮೊದಲು ಅರಗಿನಂತಹ ಕೆಂಪು ಬಿಲ್ಲೆಯ ಮೇಲೆ ಒತ್ತಿದರು, ಅದು ಪುಡಿಪುಡಿಯಾಯಿತು. ಆಮೇಲೆ ಬಿಳಿ ಕಾಗದದ ಮೇಲೆ ಬಣ್ಣವಿಲ್ಲದೆ ಉಬ್ಬಿಸಿದರು, ಮಬ್ಬು ಬೆಳಕಿನಲ್ಲಿ ಅದು ಕಾಣಲೇ ಇಲ್ಲ. ಕೊನೆಗೆ ನೀಲಿ ಬಣ್ಣ ಸೇರಿಸಬೇಕಾಯಿತು. ಆಗ ಆ ಚೀಟಿಯ ಮೇಲೆ ಯಾರಾದರೂ ಬೆರಳಾಡಿಸಿದ್ದರೆ ಸಾಕಿತ್ತೇನೋ!

ಆದರೆ ಬೆರಳಿಗೂ ತನ್ನದೇ ನಿಯಮಗಳಿವೆ. ಅಂಗಡಿಯಿಂದ ತಂದ ಒಂದು ದುಬಾರಿ ಉಬ್ಬು ಕಾರ್ಡನ್ನು ಗೆಳತಿಯ ಕೈಗೆ ಕೊಟ್ಟೆ. ಅದರಲ್ಲಿ ಬುಟ್ಟಿ, ಬುಟ್ಟಿ ತುಂಬ ಗುಲಾಬಿ, ಮೇಲೊಂದು ಚಿಟ್ಟೆ. ಅವಳು ಎರಡು ಕೈಯಲ್ಲೂ ತಡಕಿ, “ಇದೇನು, ಗೋಡೆಯ ಬಿರುಕಾ?” ಎಂದು ಕೇಳಿದಳು. ಒಂದರ ಹಿಂದೆ ಒಂದು ಅಡಗಿದ ಹೂಗಳನ್ನು ಕಣ್ಣು ಬಿಡಿಸಿಕೊಳ್ಳುತ್ತದೆ, ಬೆರಳಿಗೆ ಅದು ಗೆರೆಗಳ ಗೋಜಲು. ಆಮೇಲೆ ಇಬ್ಬರೂ ಕೂತು ಒಂದು ವಾರ ಬೇರೆ ಬೇರೆ ಆಕಾರಗಳನ್ನು ಪರೀಕ್ಷಿಸಿದೆವು. ಅವಳ ತೀರ್ಪು ಹೀಗಿತ್ತು: ಒಂದು ಕಾರ್ಡಿಗೆ ಒಂದೋ ಎರಡೋ ಆಕಾರ ಸಾಕು. ಎರಡು ಗೆರೆಗಳ ನಡುವೆ ಕನಿಷ್ಠ ಮೂರು ಮಿಲಿಮೀಟರ್ ಜಾಗ ಬೇಕು. ಬರೀ ಹೊರಗೆರೆ ಉಬ್ಬಿದರೆ ಒಳಗು ಯಾವುದು, ಹೊರಗು ಯಾವುದು ತಿಳಿಯುವುದಿಲ್ಲ, ಒಳಭಾಗವೂ ಏಳಬೇಕು. ಎತ್ತರವೂ ಸಾಲದು. ಒಂದೇ ಪದರ ಎಕ್ಸ್‌-ರೇ ಫಿಲ್ಮ್‌ನಿಂದ ಬಂದ ಉಬ್ಬು ಕಣ್ಣಿಗೆ ಕಂಡರೂ ಅವಳಿಗೆ “ಇದೆ, ಇಲ್ಲ” ಎಂಬಂತಿತ್ತು. ಮೂರು ಪದರ ಅಂಟಿಸಿ ಮಾಡಿದ ಅಚ್ಚು ಒಪ್ಪಿಗೆಯಾಯಿತು. ಬ್ರೈಲ್ ಚುಕ್ಕಿಯ ಎತ್ತರವೂ ಸುಮಾರು ಅರ್ಧ ಮಿಲಿಮೀಟರ್. ಮೂರು ಪದರಕ್ಕೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ.

ಕಣ್ಣಿರುವವರು ಬೆರಳಿನ ಪರವಾಗಿ ತೀರ್ಮಾನ ಮಾಡಿದ್ದು ಇದೇ ಮೊದಲಲ್ಲ. ಪ್ಯಾರಿಸ್‌ನಲ್ಲಿ 18ನೇ ಶತಮಾನದ ಕೊನೆಗೆ ವ್ಯಾಲೆಂಟಿನ್ ಹವೀ ಎಂಬವರು ಅಂಧ ಮಕ್ಕಳಿಗಾಗಿ ಶಾಲೆ ತೆರೆದು, ಸಾಮಾನ್ಯ ರೋಮನ್ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಪುಸ್ತಕ ಮಾಡಿದರು. ಉದ್ದೇಶ ಒಳ್ಳೆಯದೇ. ಆದರೆ ಅಂಕುಡೊಂಕು ಅಕ್ಷರವನ್ನು ಬೆರಳಿನಿಂದ ಸುತ್ತಿ ಸುತ್ತಿ ಗುರುತಿಸುವುದು ನಿಧಾನ, ಆ ಪುಸ್ತಕಗಳು ಭಾರ, ಮಕ್ಕಳು ತಾವೇ ಹಾಗೆ ಬರೆಯುವಂತೆಯೂ ಇರಲಿಲ್ಲ. ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಅಪ್ಪ ಕುದುರೆಯ ಜೀನು ಹೊಲಿಯುವವರು. ಮೂರು ವರ್ಷದವನಿದ್ದಾಗ ಅಪ್ಪನ ಕೆಲಸದ ಕೊಠಡಿಯಲ್ಲಿ ಚರ್ಮ ಚುಚ್ಚುವ ಮೊನಚು ಉಪಕರಣ ಕಣ್ಣಿಗೆ ತಗುಲಿ, ಮುಂದೆ ಎರಡೂ ಕಣ್ಣು ಹೋದವು. 1824ರ ಹೊತ್ತಿಗೆ, ಹದಿನೈದರ ಹರೆಯದಲ್ಲಿ, ಅವನು ಆರು ಚುಕ್ಕಿಗಳ ಲಿಪಿ ಕಟ್ಟಿದ. ಬೆರಳ ತುದಿಯಡಿ ಒಂದೇ ಸಲಕ್ಕೆ ಹಿಡಿಸುವಷ್ಟು ಚಿಕ್ಕದು, ಕೈಯಲ್ಲೊಂದು ಮೊಳೆಯಂಥ ಕಡ್ಡಿ ಇದ್ದರೆ ಯಾರೂ ಬರೆಯಬಹುದು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ‘ಭಾರತಿ ಬ್ರೈಲ್’ 1951ರಲ್ಲಿ ನೆಲೆಗೊಂಡಿತು. ಕನ್ನಡವನ್ನೂ ಅದರಲ್ಲೇ ಬರೆಯುತ್ತಾರೆ.

ಬ್ರೈಲ್ ಸ್ಲೇಟಿನಲ್ಲಿ ಬರೆಯುವುದೂ ಒಂದು ಎಂಬಾಸಿಂಗೇ. ಹಿಂಬದಿಯಿಂದ ಚುಚ್ಚುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಬರೆಯಬೇಕು. ಎಡಸಾಲಿನಲ್ಲಿ ಮೇಲಿನಿಂದ 1, 2, 3, ಬಲಸಾಲಿನಲ್ಲಿ 4, 5, 6 ಎಂದು ಚುಕ್ಕಿಗಳ ಲೆಕ್ಕ. ‘ಮ’ ಎಂದರೆ 1, 3, 4. ಅದನ್ನು ತಿರುಗಿಸದೆ ಚುಚ್ಚಿದರೆ 1, 4, 6 ಆಗುತ್ತದೆ, ಅದು ‘ಶ’. ‘ಈದ್ ಮುಬಾರಕ್’ ಎಂದು ಬರೆಯಲು ಎಷ್ಟು ಜಾಗ ಬೇಕು ಎಂದು ಕೇಳಿದೆ. ಸ್ವರಚಿಹ್ನೆಗೂ ಅರ್ಧಾಕ್ಷರದ ಗುರುತಿಗೂ ಬೇರೆ ಬೇರೆ ಮನೆ ಬೇಕಂತೆ: ಮೊದಲ ಪದಕ್ಕೆ 3, ಎರಡನೆಯದಕ್ಕೆ 7, ನಡುವೆ ಒಂದು ಖಾಲಿ. ಒಟ್ಟು 11 ಮನೆ. ಒಂದೊಂದಕ್ಕೆ ಸುಮಾರು 6 ಮಿಲಿಮೀಟರ್ ಹಿಡಿದರೂ ಏಳು ಸೆಂಟಿಮೀಟರ್ ದಾಟುವುದಿಲ್ಲ. ನಾವು ಮಾಡುವ ಯಾವ ಕಾರ್ಡಿನಲ್ಲೂ ಅಷ್ಟು ಜಾಗ ಇದ್ದೇ ಇರುತ್ತದೆ. ಆದರೆ ದಪ್ಪ ಐವರಿ ಶೀಟನ್ನು ಸ್ಲೇಟಿನಲ್ಲಿ ಚುಚ್ಚುವುದು ಕಷ್ಟ. ಬ್ರೈಲ್ ಬರೆಯುವ 140-160 ಜಿಎಸ್‌ಎಂ ಹಾಳೆಯ ಪಟ್ಟಿಯಲ್ಲಿ ಬರೆದು ಅಂಟಿಸುವುದೇ ಸರಿ.

ಪುಡಿ ಎಂಬಾಸಿಂಗ್ ಎಂಬ ಇನ್ನೊಂದು ವಿಧಾನವಿದೆ. ನಿಧಾನವಾಗಿ ಒಣಗುವ ಶಾಯಿಯಿಂದ ಬರೆದು, ಅದರ ಮೇಲೆ ಪ್ಲಾಸ್ಟಿಕ್ ಗುಣದ ನಯವಾದ ಪುಡಿ ಉದುರಿಸಿ, ಉಳಿದದ್ದನ್ನು ಕೊಡವಿ, ಬಿಸಿ ತಾಗಿಸಿದರೆ ಪುಡಿ ಕರಗಿ ಚಿನ್ನದಂತೆ ಹೊಳೆಯುತ್ತದೆ. ತಲೆಗೂದಲು ಒಣಗಿಸುವ ಡ್ರೈಯರ್‌ಗೆ ಅಷ್ಟು ಶಾಖವಿಲ್ಲ, ಗಾಳಿಗೆ ಪುಡಿ ಹಾರಿಹೋಗುತ್ತದೆ. ಇದಕ್ಕೆಂದೇ ಇರುವ ಹೀಟ್ ಗನ್ ಬೇಕು, ಹತ್ತಿರ ಒಬ್ಬ ದೊಡ್ಡವರೂ ಬೇಕು. ನನಗೇನೋ ಇದು ಇಷ್ಟ. ಗೆಳತಿಗೆ ಮಾತ್ರ ಜಾರುವ ಗೆರೆ.

ಡೈ ಕಟಿಂಗ್ ವಿಷಯದಲ್ಲಿ ಅವಳಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಕತ್ತರಿಸಿದ ಅಂಚು ಬೆರಳಿಗೆ ಎಲ್ಲಕ್ಕಿಂತ ಸ್ಪಷ್ಟ. ಮಾಮು ಹತ್ತಿರ ಹಳೆಯ ಟ್ರೆಡಲ್ ಮೆಷಿನ್ ಇದೆ. ಅದರಲ್ಲಿ ಈಗ ಯಾರೂ ಅಕ್ಷರ ಮುದ್ರಿಸುವುದಿಲ್ಲ, ಪಂಚಿಂಗ್ ಮತ್ತು ಕ್ರೀಸಿಂಗ್ ಮಾತ್ರ. ಡೈ ಎಂದರೆ ದಪ್ಪ ಪ್ಲೈವುಡ್ಡಿನ ಹಲಗೆ. ಬೇಕಾದ ಆಕಾರಕ್ಕೆ ಗರಗಸದಿಂದ ಸೀಳಿ, ಆ ಸೀಳಿನಲ್ಲಿ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಕೂರಿಸುತ್ತಾರೆ. ಕತ್ತರಿಸುವ ಪಟ್ಟಿಯ ಎತ್ತರ ಸಾಮಾನ್ಯವಾಗಿ 23.8 ಮಿಲಿಮೀಟರ್, ತುದಿ ಹರಿತ. ಮಡಿಕೆ ಮೂಡಿಸುವ ಪಟ್ಟಿ ಅದಕ್ಕಿಂತ ಸ್ವಲ್ಪವೇ ಗಿಡ್ಡ, ತುದಿ ಮೊಂಡು. ಆ ಸ್ವಲ್ಪದಲ್ಲೇ ಎಲ್ಲ ಇದೆ. 1879ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಗೇರ್ ಅವರ ಪ್ರೆಸ್‌ನಲ್ಲಿ ಬೀಜದ ಚೀಲ ಮುದ್ರಿಸುವಾಗ ಮಡಿಕೆಯ ಪಟ್ಟಿ ಹೆಚ್ಚು ಎದ್ದು ನಿಂತು ಚೀಲಗಳನ್ನು ಕತ್ತರಿಸಿಬಿಟ್ಟಿತಂತೆ. ಒಂದೇ ಒತ್ತಿಗೆ ಕತ್ತರಿಸುವುದನ್ನೂ ಮಡಿಕೆ ಮೂಡಿಸುವುದನ್ನೂ ಏಕೆ ಮಾಡಬಾರದು ಎಂದು ಗೇರ್‌ಗೆ ಹೊಳೆದದ್ದು ಆಗಲೇ. ಇಂದು ಸಿಹಿ ಅಂಗಡಿಯ ಮಡಿಚುವ ಡಬ್ಬಿ ಬರುವುದು ಅದೇ ಉಪಾಯದಿಂದ.

ಹಲಗೆಯ ಪಟ್ಟಿಗಳ ಪಕ್ಕದಲ್ಲಿ ಸ್ಪಂಜಿನ ತುಂಡುಗಳನ್ನು ಅಂಟಿಸಿರುತ್ತಾರೆ. ಕತ್ತರಿಸಿದ ಕಾಗದ ಬ್ಲೇಡಿಗೆ ಸಿಕ್ಕಿಕೊಳ್ಳದಂತೆ ಅವು ಹೊರಗೆ ತಳ್ಳುತ್ತವೆ. ಎಲ್ಲೋ ಒಂದು ಕಡೆ ಸರಿಯಾಗಿ ಕತ್ತರಿಸದಿದ್ದರೆ ಅಲ್ಲಿಗೆ ಹಿಂದಿನಿಂದ ತೆಳು ಕಾಗದದ ಚೂರು ಅಂಟಿಸಿ ಎತ್ತರಿಸುತ್ತಾರೆ. ಈ ಕೆಲಸಕ್ಕೆ ಮಾಮು ಕೊಡುವಷ್ಟು ಸಮಯವನ್ನು ಮೆಷಿನ್ ಓಡಿಸುವುದಕ್ಕೂ ಕೊಡುವುದಿಲ್ಲ. ಮನೆಯಲ್ಲಾದರೆ ಸ್ಟೇಷನರಿ ಅಂಗಡಿಯ ಸಣ್ಣ ಪಂಚ್ ಸಾಕು, ಅಥವಾ ದಪ್ಪ ರಟ್ಟಿನ ಮೇಲಿಟ್ಟು ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಕಾಗದ ತಿರುಗಿಸಿ, ಬ್ಲೇಡು ತಿರುಗಿಸಬೇಡಿ.

ನಾವಿಬ್ಬರೂ ಒಪ್ಪಿದ ಕಾರ್ಡು ಹೀಗಿದೆ. ಮುಂಭಾಗದಲ್ಲಿ ಕಮಾನಿನಾಕಾರದ ಕಿಟಕಿ ಕತ್ತರಿಸಿದೆ. ಒಳಗೆ, ಕಿಟಕಿಯ ಹಿಂದೆ, ದರ್ಜಿಯ ಅಂಗಡಿಯಲ್ಲಿ ಉಳಿದ ಮಖಮಲ್ ಚೂರು. ಕಿಟಕಿಯ ಮೇಲೆ ಉಬ್ಬಿದ ಒಂದೇ ಚಂದ್ರ. ಕೆಳಗೆ ಬ್ರೈಲ್ ಪಟ್ಟಿ, ಅದರ ಕೆಳಗೆ ಅದೇ ಮಾತು ಶಾಯಿಯಲ್ಲಿ. ದೀಪಾವಳಿಗಾದರೆ ಕಮಾನಿನ ಬದಲು ಹಣತೆ, ಕ್ರಿಸ್ಮಸ್‌ಗೆ ನಕ್ಷತ್ರ. ಕೆಲಸದ ಕ್ರಮ ಮಾತ್ರ ಬದಲಿಸಬೇಡಿ: ಮೊದಲು ಬರಹ, ಆಮೇಲೆ ಉಬ್ಬು, ಆಮೇಲೆ ಕತ್ತರಿಸುವುದು, ಎಲ್ಲ ಮುಗಿದ ಮೇಲೆ ಬ್ರೈಲ್ ಪಟ್ಟಿ. ಫೆವಿಕಾಲ್ ಪಟ್ಟಿಯ ಅಂಚಿಗೆ ಮಾತ್ರ, ಅದೂ ತೆಳ್ಳಗೆ. ಪೂರ್ತಿ ಬಳಿದರೆ ನೆನೆದ ಕಾಗದದಲ್ಲಿ ಚುಕ್ಕಿಗಳು ಮೆತ್ತಗಾಗಿ ಕುಸಿಯುತ್ತವೆ.

ಈ ಈದ್‌ಗೆ ನಮ್ಮ ತರಗತಿಯಿಂದ ಇಂಥ 40 ಕಾರ್ಡು ಮಾಡುತ್ತಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಗೆಳತಿಯ ಹಳೆಯ ಶಾಲೆಗೆ ಹೋಗುತ್ತವೆ. ಮದುವೆ ಕಾರ್ಡುಗಳ ಕೆಲಸ ಮುಗಿದ ಸಂಜೆ ಪಂಚಿಂಗ್ ಮಾಡಿಕೊಡಲು ಮಾಮು ಒಪ್ಪಿದ್ದಾರೆ, ಬ್ರೈಲ್ ಪಟ್ಟಿಗಳನ್ನು ಅವಳೇ ಬರೆಯುತ್ತಾಳೆ. ಉಬ್ಬಿಸುವ ಕೆಲಸಕ್ಕೆ ಕೈ ಬೇಕಾಗಿದೆ. ಬರುವವರು ಶಾಯಿ ಮುಗಿದ ಬಾಲ್‌ಪೆನ್ ತನ್ನಿ, ಮನೆಯಲ್ಲಿ ಹಳೆಯ ಎಕ್ಸ್‌-ರೇ ಇದ್ದರೆ ಅದನ್ನೂ ತನ್ನಿ. ಮುಗಿದ ಕಾರ್ಡುಗಳನ್ನು ದಯವಿಟ್ಟು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ಡಬ್ಬಿಯಲ್ಲಿ ನಿಲ್ಲಿಸಿಡಿ.