ಹೊಸ ಉದ್ಯಮಗಾರರ ಕೂಟಕ್ಕೆ ಹೋದ ಮಾವಿನ ಬೆಳೆಗಾರರು

2025ರ ಮಾವಿನ ಸುಗ್ಗಿಯನ್ನು ನಮ್ಮ ಕೃಷ್ಣಗಿರಿ ಸೀಮೆಯ ಬೆಳೆಗಾರರು ಬಹುಕಾಲ ಮರೆಯಲಾರರು. ಮರದ ತುಂಬ ಕಾಯಿ ಇದ್ದಿತು, ಕೊಳ್ಳುವವರು ಇರಲಿಲ್ಲ. ನಮ್ಮ ಕಡೆ ಹೆಚ್ಚಾಗಿ ಬೆಳೆಯುವ ತೋತಾಪುರಿಯು ಮನೆಯಲ್ಲಿ ತಿನ್ನುವುದಕ್ಕಿಂತ ಪಲ್ಪ್ ಕಾರ್ಖಾನೆಗೆ ಹೋಗುವ ಹಣ್ಣು. ಹಿಂದಿನ ವರ್ಷದ ಪಲ್ಪೇ ಮಾರಾಟವಾಗದೆ ಉಳಿದಿದೆಯೆಂದು ಕಾರ್ಖಾನೆಯವರು ಕೈ ಹಿಂದೆ ತೆಗೆದರು. ಜೂನ್ ತಿಂಗಳಲ್ಲಿ ಚಿತ್ತೂರು ಜಿಲ್ಲೆಯವರು ಹೊರ ರಾಜ್ಯದ ತೋತಾಪುರಿ ತಮ್ಮಲ್ಲಿಗೆ ಬರಕೂಡದೆಂದು ತಡೆ ಹಾಕಿದರು. ದರವು ಕಿಲೋಗೆ ಐದಾರು ರೂಪಾಯಿಗೆ ಇಳಿಯಿತು. ಕೀಳುವ ಕೂಲಿ, ಗಾಡಿ ಬಾಡಿಗೆ ಕಳೆದರೆ ಏನು ಉಳಿಯುತ್ತದೆ? ಹಣ್ಣನ್ನು ಮರದಡಿಯಲ್ಲೇ ಬಿಟ್ಟವರೂ ಉಂಟು.

ಆ ಕಷ್ಟದಲ್ಲಿ ನಮ್ಮ ನೆರೆಯ ಹಳ್ಳಿಯ ಹದಿನಾಲ್ಕು ಮನೆಗಳವರು ಒಂದು ಉಪಾಯ ಮಾಡಿದರು. ಬಿಸಿಲಿನಲ್ಲಿ ಒಣಗಿಸುವ ಗಾಜಿನ ಮುಚ್ಚಳದ ಪೆಟ್ಟಿಗೆಗಳನ್ನು ಮಾಡಿಸಿ, ಹಣ್ಣನ್ನು ಸಿಪ್ಪೆ ತೆಗೆದು ಸೀಳಿ ಒಣಗಿಸಿದರು. ಹತ್ತು ಕಿಲೋ ಹಣ್ಣಿಗೆ ಒಂದು ಕಿಲೋಗಿಂತ ಸ್ವಲ್ಪ ಮೇಲೆ ಒಣ ಹೋಳು ದೊರೆಯಿತು. ರುಚಿ ಚೆನ್ನಾಗಿತ್ತು. ಆದರೆ ಮಾರುವುದೆಲ್ಲಿ? ಅವರಲ್ಲಿ ಓದಿದ ಹುಡುಗನೊಬ್ಬ ಬೆಂಗಳೂರಿನಲ್ಲಿ ಹೊಸ ಉದ್ಯಮಗಾರರ ಎರಡು ದಿನದ ಕೂಟವೊಂದು ನಡೆಯುತ್ತದೆಂದು ಫೋನಿನಲ್ಲಿ ಓದಿ, ಮಳೆಗಾಲ ಕಳೆದ ಮೇಲೆ ನನ್ನಲ್ಲಿಗೆ ಬಂದ. "ಅಣ್ಣಾ, ಒಬ್ಬನೇ ಹೋಗೋಕೆ ಹಿಂಜರಿಕೆ. ನೀವೂ ಬನ್ನಿ" ಎಂದ. ನಾನೂ ಅಂಥ ಕೂಟವನ್ನು ಕಂಡವನಲ್ಲ. ಹೊರಟೆ.

ಸ್ಟಾರ್ಟಪ್ ಎಂಬ ಮಾತನ್ನು ನಮ್ಮ ವಾಚಕರು ಕೇಳಿಯೇ ಇರುತ್ತಾರೆ. ಕೇಂದ್ರ ಸರಕಾರವು 2016ರ ಜನವರಿ 16ರಂದು ಸ್ಟಾರ್ಟಪ್ ಇಂಡಿಯಾ ಎಂಬ ಯೋಜನೆಯನ್ನು ಆರಂಭಿಸಿದ ಮೇಲೆ ಅದು ಹಳ್ಳಿಗೂ ಬಂದಿದೆ. ಹೊಸದಾಗಿ ಅಂಗಡಿ ಇಟ್ಟವರನ್ನೆಲ್ಲ ಹಾಗೆ ಕರೆಯುವುದಿಲ್ಲ. ಹೊಸ ಬಗೆಯ ವಸ್ತುವನ್ನೋ ಹೊಸ ವಿಧಾನವನ್ನೋ ಹಿಡಿದು, ಬೇಗ ದೊಡ್ಡದಾಗಿ ಬೆಳೆಯುವ ಉದ್ದೇಶದಿಂದ, ಬಹುಪಾಲು ಪರರ ಬಂಡವಾಳ ಹಾಕಿಸಿಕೊಂಡು ನಡೆಯುವ ಕಂಪನಿ ಎಂದರೆ ಸರಿಯಾದೀತು. ನಮ್ಮ ಹೊಸೂರಿನಲ್ಲೇ ಉದಾಹರಣೆಯಿದೆ. ವಿದ್ಯುತ್ ಸ್ಕೂಟರು ಮಾಡುವ ಏಥರ್ ಕಂಪನಿಯನ್ನು ಮದರಾಸಿನ ಐಐಟಿಯಲ್ಲಿ ಓದಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಎಂಬಿಬ್ಬರು 2013ರಲ್ಲಿ ಕಟ್ಟಿದರು. 2014ರಲ್ಲಿ ಫ್ಲಿಪ್‌ಕಾರ್ಟಿನ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಅವರು ಹತ್ತು ಲಕ್ಷ ಡಾಲರು ಹಾಕಿದರು. ಗಾಡಿ ಗಿರಾಕಿಯ ಕೈಗೆ ಬಂದುದು 2018ರಲ್ಲಿ. ಹೊಸೂರಿನ ಕಾರ್ಖಾನೆ ಆಮೇಲಿನದು. ಐದು ವರ್ಷ ಮಾರಾಟವೇ ಇಲ್ಲದೆ ಪರರ ದುಡ್ಡಿನಲ್ಲಿ ಬದುಕಿದ ಕಂಪನಿ! ಮಾವಿನ ಸಸಿ ನೆಟ್ಟು ಐದು ವರ್ಷ ಕಾಯುವ ನಮಗೆ ಕಾಯುವುದೇನೂ ಹೊಸದಲ್ಲ. ಆದರೆ ಕಾಯುವ ಕಾಲಕ್ಕೆ ಊಟ ಹಾಕುವವರು ನಮಗಿಲ್ಲ.

ಹೊಸೂರಿನಿಂದ ಹೋಗುವ ದಾರಿ ಈಗ ಸುಲಭವಾಗಿದೆ. ಬಸ್ಸಿನಲ್ಲಿ ಅತ್ತಿಬೆಲೆ ದಾಟಿ ಬೊಮ್ಮಸಂದ್ರದಲ್ಲಿಳಿದರೆ, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋ ರೈಲು ಸಿಗುತ್ತದೆ. ಅದು ಆರ್.ವಿ. ರಸ್ತೆಯವರೆಗೆ ಹೋಗುತ್ತದೆ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಂಡರೆ ತುಮಕೂರು ರಸ್ತೆಯ ಮಾದಾವರದವರೆಗೂ ಹೋಗಬಹುದು. ದೊಡ್ಡ ವಸ್ತುಪ್ರದರ್ಶನಗಳು ನಡೆಯುವ ಮೈದಾನ ಆ ನಿಲ್ದಾಣದ ಪಕ್ಕದಲ್ಲೇ ಇದೆ. ಕರ್ನಾಟಕ ಸರಕಾರದ ಬೆಂಗಳೂರು ಟೆಕ್ ಸಮ್ಮಿಟ್ 2025ರ ನವೆಂಬರಿನಲ್ಲಿ ನಡೆದುದು ಅಲ್ಲಿಯೇ. ನಾವು ಹೋದ ಕೂಟ ಅಷ್ಟು ದೊಡ್ಡದಲ್ಲ, ನಗರದ ನಡುವಿನ ಒಂದು ಸಭಾಂಗಣದಲ್ಲಿ ನಡೆಯಿತು.

ಬಾಗಿಲಲ್ಲಿ ಕೊರಳಿಗೆ ಹೆಸರಿನ ಚೀಟಿ ತಗುಲಿಸಿದರು. ಒಳಗೆ ನೂರಾರು ಜನ ನಿಂತುಕೊಂಡೇ ಮಾತನಾಡುತ್ತಿದ್ದರು. ನಮ್ಮ ಕಡೆಯ ಯಾವ ಸಭೆಯಲ್ಲೂ ಹೀಗಿಲ್ಲ. ನಮ್ಮಲ್ಲಿ ವೇದಿಕೆಯವರು ಮಾತನಾಡುತ್ತಾರೆ, ಮಿಕ್ಕವರು ಕುಳಿತು ಕೇಳುತ್ತಾರೆ. ಇಲ್ಲಿ ವೇದಿಕೆಯ ಭಾಷಣ ಒಂದು ನೆಪ, ಕಾಫಿಯ ಹೊತ್ತೇ ಕೂಟ. ಗುರುತಿಲ್ಲದವರ ಬಳಿ ಹೋಗಿ, ಹೆಸರು ಹೇಳಿ, ತನ್ನ ಕೆಲಸವನ್ನು ಎರಡು ನಿಮಿಷದಲ್ಲಿ ತಿಳಿಸಿ, ಫೋನ್ ನಂಬರು ಪಡೆದು ಮುಂದಕ್ಕೆ ಹೋಗುವುದು. ಅವರು ಅದಕ್ಕೆ ನೆಟ್‌ವರ್ಕಿಂಗ್ ಎನ್ನುತ್ತಾರೆ. ದನದ ಜಾತ್ರೆ ಕಂಡವರಿಗೆ ಅರ್ಧ ಅರ್ಥವಾಗುತ್ತದೆ. ಜಾತ್ರೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಹೇಳುತ್ತೇವೆ, ಪಕ್ಕದವನಿಗೆ ತಿಳಿಯಬಾರದೆಂದು. ಇಲ್ಲಿ ಲಕ್ಷ, ಕೋಟಿಗಳನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಆ ಲೆಕ್ಕ ಎಷ್ಟು ನಿಜವೆಂಬುದು ಬೇರೆ ಮಾತು.

ಮೊದಲ ಅರ್ಧ ದಿನ ನಾವಿಬ್ಬರೂ ಗೋಡೆಗೆ ಒರಗಿ ನಿಂತೆವೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಎಲ್ಲರ ಬಾಯಲ್ಲೂ ಇಂಗ್ಲಿಷು. ಹುಡುಗನ ಕೈಚೀಲದಲ್ಲಿ ಒಣ ಮಾವಿನ ಪೊಟ್ಟಣಗಳು ಹಾಗೆಯೇ ಇದ್ದವು. ಊಟದ ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸೊಬ್ಬರು ಫೋನಿನಲ್ಲಿ ತೆಲುಗಿನಲ್ಲಿ ಮಾತನಾಡಿದ್ದು ಕೇಳಿ ಹುಡುಗನಿಗೆ ಧೈರ್ಯ ಬಂತು. ನಮ್ಮ ಹೊಸೂರು ಸೀಮೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು. ಇದನ್ನು ನಾವು ಒಂದು ಕೊರತೆಯೆಂಬಂತೆ ಹೇಳಿಕೊಳ್ಳುವುದುಂಟು. ಆ ದಿನ ಅದೇ ಬಂಡವಾಳವಾಯಿತು. ಆಕೆ ನಗರದಲ್ಲಿ ಸಾವಯವ ಪದಾರ್ಥಗಳ ಅಂಗಡಿಗಳನ್ನು ನಡೆಸುವವರು. ಹೋಳು ತಿಂದು ನೋಡಿದರು. "ಚೆನ್ನಾಗಿದೆ. ಕಿಲೋಗೆ ಎಷ್ಟು ಖರ್ಚು ಬೀಳುತ್ತದೆ?" ಎಂದರು.

"ಇನ್ನೂರೈವತ್ತಕ್ಕೆ ಕೊಡುತ್ತೇವೆ" ಎಂದ ಹುಡುಗ.

"ನಾನು ದರ ಕೇಳಲಿಲ್ಲ, ಖರ್ಚು ಕೇಳಿದೆ."

ಅವನಲ್ಲಿ ಉತ್ತರವಿರಲಿಲ್ಲ. ಹಣ್ಣಿನ ಬೆಲೆ ಗೊತ್ತು, ಪೊಟ್ಟಣದ ಬೆಲೆ ಗೊತ್ತು, ಅಷ್ಟೇ. ಆಕೆ ಬೇಸರಿಸದೆ ಅಲ್ಲೇ ಒಂದು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಬರೆಸಿದರು. ಆ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ಯಾಕೆಂದರೆ ಎರಡು ದಿನದ ಕೂಟದಲ್ಲಿ ನಾವು ಗಳಿಸಿದುದರಲ್ಲಿ ಇದೇ ಹೆಚ್ಚಿನದು. ನೂರು ಕಿಲೋ ಹಣ್ಣು, ಕಿಲೋಗೆ 6 ರೂಪಾಯಿಯಂತೆ 600 ರೂಪಾಯಿ. ಅದರಿಂದ 11 ಕಿಲೋ ಒಣ ಹೋಳು. ಎಂದರೆ ಒಂದು ಕಿಲೋ ಹೋಳಿಗೆ ಹಣ್ಣಿನ ಬಾಬ್ತು ಸುಮಾರು 55 ರೂಪಾಯಿ. ಪೊಟ್ಟಣ, ಚೀಟಿ, ಸಾಗಣೆ ಸೇರಿ 40. ಒಟ್ಟು 95 ಆಯಿತು, 155 ಲಾಭ ಎಂದು ಹುಡುಗ ಹಿಗ್ಗಿದ. "ಹೆಚ್ಚುವವರು ಯಾರು?" ಎಂದು ಆಕೆ ಕೇಳಿದರು. ಮನೆಯ ಹೆಂಗಸರು. ನೂರು ಕಿಲೋ ಹಣ್ಣಿಗೆ ನಾಲ್ವರು ದಿನವಿಡೀ ಕೂರಬೇಕು. "ಅವರೇ ಬೇರೆಯವರ ತೋಟಕ್ಕೆ ಹೋದರೆ ಕೂಲಿ ಎಷ್ಟು?" ದಿನಕ್ಕೆ 400. ಹಾಗಾದರೆ 1,600 ರೂಪಾಯಿ, ಕಿಲೋ ಹೋಳಿಗೆ 145. ಈಗ ಖರ್ಚು 240, ಲಾಭ 10. "ಬರುವ ವರ್ಷ ಹಣ್ಣಿನ ಬೆಲೆ 20 ರೂಪಾಯಿಗೆ ಏರಿದರೆ?" ಅದೇ ಲೆಕ್ಕದಲ್ಲಿ ಖರ್ಚು 367. ಹಣ್ಣು ಅಗ್ಗವಾದ ವರ್ಷವನ್ನು ನೋಡಿ ದರ ಹೇಳಿದವನು ಬೆಲೆ ಬಂದ ವರ್ಷ ನಷ್ಟದಲ್ಲಿ ಮಾರಬೇಕು, ಇಲ್ಲವೇ ಕೊಟ್ಟ ಮಾತಿಗೆ ತಪ್ಪಬೇಕು. ಪೆಟ್ಟಿಗೆಗಳ ಸವೆತ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಹುಡುಗ ಆ ಕರವಸ್ತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ.

ಎರಡನೆಯ ದಿನ ಹಣ ಹೂಡುವವರನ್ನು ಕಾಣುವ ಸರದಿ. ಒಬ್ಬೊಬ್ಬರಿಗೂ ಐದು ನಿಮಿಷ. ಹುಡುಗನ ಮಾತು ಈಗ ಗಟ್ಟಿಯಾಗಿದ್ದಿತು. ಖರ್ಚಿನ ಲೆಕ್ಕದಿಂದಲೇ ಆರಂಭಿಸಿದ. ಕನ್ನಡ ಬಲ್ಲ ಒಬ್ಬ ಮಹನೀಯರು ಆಸಕ್ತಿ ತೋರಿಸಿದರು. "ನೀವು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಳ್ಳಿ, 13 ಲಕ್ಷ ಹಾಕುವುದನ್ನು ಯೋಚಿಸಬಹುದು. ನನಗೆ ನೂರರಲ್ಲಿ 26 ಪಾಲು" ಎಂದರು. ಹೊರಗೆ ಬಂದಾಗ ಹುಡುಗನ ಕಾಲು ನೆಲದ ಮೇಲಿರಲಿಲ್ಲ. ಆ ಲೆಕ್ಕದಂತೆ ಇಡೀ ಕಂಪನಿಯ ಬೆಲೆ 50 ಲಕ್ಷ. ನಮ್ಮ ಪೆಟ್ಟಿಗೆಗಳನ್ನೂ ಕೊಟ್ಟಿಗೆಯನ್ನೂ ಮಾರಿದರೆ ನಾಲ್ಕು ಲಕ್ಷ ಬಂದೀತೇ?

ನನಗೆ ಮಾತ್ರ ಆ 26 ಎಂಬ ಅಂಕಿ ಕೊರೆಯಿತು. ಇಪ್ಪತ್ತೈದು ಏಕಲ್ಲ? ಊರಿಗೆ ಬಂದ ಮೇಲೆ ಲೆಕ್ಕಪತ್ರ ಬಲ್ಲವರನ್ನು ಕೇಳಿದೆ. ಕಂಪನಿಯ ನಿಯಮಾವಳಿ ತಿದ್ದುವಂಥ ದೊಡ್ಡ ನಿರ್ಣಯಗಳಿಗೆ, ವಿರೋಧವಾಗಿ ಬಿದ್ದ ಮತದ ಮೂರರಷ್ಟಾದರೂ ಪರವಾಗಿ ಬೀಳಬೇಕೆಂಬುದು ಕಾಯಿದೆ. 75ಕ್ಕೆ 25 ಇದ್ದರೆ ನಿರ್ಣಯ ಗೆಲ್ಲುತ್ತದೆ, 74ಕ್ಕೆ 26 ಆದರೆ ಬೀಳುತ್ತದೆ. ಆ ಒಂದು ಪಾಲಿನಲ್ಲಿ ಬೀಗದ ಕೈ ಇದೆ. ಅವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. ಹಣ ಹಾಕುವವನು ತನ್ನ ಹಣಕ್ಕೆ ಕಾವಲು ಇಡುವುದು ನ್ಯಾಯವೇ. ನಮ್ಮ ತೋಟಕ್ಕೆ ನಾವು ಕಾವಲು ಇಡಬೇಕಾದುದೂ ಅಷ್ಟೇ ನ್ಯಾಯ. ಅಲ್ಲದೆ "ಯೋಚಿಸಬಹುದು" ಎಂಬ ಮಾತು ಹಣವಲ್ಲ. ಇಂಥ ಕೂಟಗಳಲ್ಲಿ ಅದು ಧಾರಾಳವಾಗಿ ಸಿಗುತ್ತದೆ.

ಇನ್ನೊಂದು ದಾರಿಯೂ ಇದೆ. ಬೆಳೆಗಾರರೇ ಸೇರಿ ಉತ್ಪಾದಕರ ಕಂಪನಿಯನ್ನು ಮಾಡಿಕೊಳ್ಳುವುದು. ಹತ್ತು ಮಂದಿ ಬೆಳೆಗಾರರಿದ್ದರೆ ಸಾಕು. ಪಾಲು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಬೆಳೆಗಾರನಲ್ಲದವನಿಗೆ ಅದರಲ್ಲಿ ಪಾಲು ಮಾರುವಂತಿಲ್ಲ. ಇದರಿಂದ ಯಜಮಾನಿಕೆ ಕೈ ತಪ್ಪುವುದಿಲ್ಲ. ಆದರೆ ಅದೇ ಕಾರಣದಿಂದ, ಸಭಾಂಗಣದಲ್ಲಿ ಪಾಲು ಕೊಳ್ಳಲು ಬಂದವರಿಗೆ ಇದು ಬೇಡದ ಮಾಲು. ಬ್ಯಾಂಕಿನ ಸಾಲಕ್ಕೂ ಸರಕಾರದ ನೆರವಿಗೂ ಮೊರೆ ಹೋಗಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಕೂಟಕ್ಕೆ ಹೋಗುವ ಮೊದಲೇ ಈ ವಿಷಯ ನಮಗೆ ತಿಳಿದಿರಬೇಕಾಗಿತ್ತು.

ಗಡಿಯವರಾದ ನಮಗೆ ಮತ್ತೊಂದು ತೊಡಕು. ನಮ್ಮ ಮಾರುಕಟ್ಟೆ ಬೆಂಗಳೂರು, ನಮ್ಮ ಸರಕಾರ ಚೆನ್ನೈ. ಕರ್ನಾಟಕ ಸರಕಾರವು ಎಲಿವೇಟ್ ಎಂಬ ಯೋಜನೆಯಲ್ಲಿ ಹೊಸ ಕಂಪನಿಗಳಿಗೆ 50 ಲಕ್ಷದವರೆಗೆ ನೆರವು ಕೊಡುತ್ತದೆ. ಅದು ಕರ್ನಾಟಕದಲ್ಲಿ ನೋಂದಾಯಿಸಿದವರಿಗೆ ಮಾತ್ರ. ಕನ್ನಡ ಮಾತನಾಡಿದ ಮಾತ್ರಕ್ಕೆ ಸಿಗುವುದಿಲ್ಲ, ಸಿಗಬೇಕೆಂದು ಕೇಳುವುದೂ ಸರಿಯಲ್ಲ. ನಮ್ಮ ಪಾಲಿನದು ತಮಿಳುನಾಡು ಸರಕಾರದ ಸ್ಟಾರ್ಟಪ್ ಟಿಎನ್ ಸಂಸ್ಥೆ. ಅದಕ್ಕೆ ಹೊಸೂರಿನಲ್ಲೂ ಪ್ರಾದೇಶಿಕ ಕೇಂದ್ರವಾಗಿದೆ. ಅದರ ಟಾನ್‌ಸೀಡ್ ಎಂಬ ಯೋಜನೆಯಲ್ಲಿ 10 ಲಕ್ಷ, ಹೆಂಗಸರು ನಡೆಸುವ ಅಥವಾ ಹಳ್ಳಿಯ ಜೀವನಕ್ಕೆ ಸಂಬಂಧಿಸಿದ ಉದ್ಯಮಗಳಿಗೆ 15 ಲಕ್ಷದವರೆಗೆ ಕೊಟ್ಟಿದ್ದಾರೆ. ಬದಲಿಗೆ ಸಂಸ್ಥೆ ನೂರರಲ್ಲಿ ಮೂರು ಪಾಲನ್ನು ಇಟ್ಟುಕೊಳ್ಳುತ್ತದೆ. 26ಕ್ಕೂ ಮೂರಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಲ್ಲಿಯೂ ಸ್ಪರ್ಧೆಯುಂಟು, ಅಲ್ಲಿಯೂ ಖರ್ಚಿನ ಲೆಕ್ಕ ಕೇಳುತ್ತಾರೆ. 2025ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಕೊಡಿಸಿಯಾ ಆವರಣದಲ್ಲಿ ಇವರು ನಡೆಸಿದ ಜಾಗತಿಕ ಸ್ಟಾರ್ಟಪ್ ಸಮ್ಮೇಳನ ನಮ್ಮ ಹುಡುಗರ ಗಮನಕ್ಕೇ ಬಂದಿರಲಿಲ್ಲ. ಕೊಯಮತ್ತೂರು ದೂರ, ಬೆಂಗಳೂರು ಹತ್ತಿರ ಎಂದು ಉತ್ತರದ ಕಡೆಯೇ ಮುಖ ಮಾಡಿ ಕುಳಿತ ತಪ್ಪು ನಮ್ಮದೇ.

ಮೊದಲ ಸಲ ಹೋಗುವವರಿಗೆ ಸಣ್ಣ ಮಾತು ಒಂದೆರಡು. ಎಲ್ಲರ ನಂಬರನ್ನೂ ಕೂಡಿಹಾಕಬೇಡಿ. ನಾವು ನಲವತ್ತು ಮಂದಿಯ ನಂಬರು ತಂದೆವು, ತರುವಾಯ ಮಾತನಾಡಿದುದು ಮೂವರೊಡನೆ. ತಿನ್ನುವ ಪದಾರ್ಥವಾದರೆ ಮಾದರಿಯನ್ನು ಬೇಕಾದಷ್ಟು ಒಯ್ಯಿರಿ. ನಮ್ಮದು ಮೊದಲ ದಿನ ಸಂಜೆಯೇ ಮುಗಿದು, ಎರಡನೆಯ ದಿನ ಖಾಲಿ ಪೊಟ್ಟಣ ತೋರಿಸುವಂತಾಯಿತು. ಭೇಟಿಯಾದವರಿಗೆ ಮರುದಿನವೇ ಎರಡು ಸಾಲಿನ ಸಂದೇಶ ಕಳುಹಿಸಿ, ವಾರ ಕಳೆದರೆ ಅವರಿಗೆ ನಿಮ್ಮ ಮುಖವೇ ಮರೆತಿರುತ್ತದೆ. ಕೋಟು ಬೇಕಾಗಿಲ್ಲ. ನನ್ನ ಪಂಚೆಯನ್ನು ನೋಡಿ ತಾವಾಗಿಯೇ ಬಂದು ಮಾತನಾಡಿಸಿದವರು ಇದ್ದರು.

ಬಂದ ವಾರ ದೇವಸ್ಥಾನದ ಜಗಲಿಯ ಮೇಲೆ ಹದಿನಾಲ್ಕು ಮನೆಯವರೂ ಸೇರಿದರು. ಹುಡುಗ ಕರವಸ್ತ್ರದ ಲೆಕ್ಕವನ್ನು ಶಾಲೆಯ ಹಲಗೆಯ ಮೇಲೆ ದೊಡ್ಡದಾಗಿ ಬರೆದ. ಹದಿಮೂರು ಲಕ್ಷ ಬಿಡುವುದೇ ಎಂದು ಇಬ್ಬರು ಮೂವರು ಬಹಳ ಹೊತ್ತು ವಾದಿಸಿದರು. ಅವರಲ್ಲಿ ಸಾಲದ ಕಂತು ಕಟ್ಟಬೇಕಾದವರಿದ್ದರು, ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೊನೆಗೆ ಈ ವರ್ಷಕ್ಕೆ ಉತ್ಪಾದಕರ ಕಂಪನಿಯೇ ಸರಿ, ಪಾಲು ಮಾರುವ ಮಾತು ಎರಡು ಸುಗ್ಗಿ ಕಳೆದ ಮೇಲೆ ಎಂದಾಯಿತು. ಅಂಗಡಿಯ ಹೆಂಗಸು 20 ಕಿಲೋ ಬೇಡಿಕೆ ಕೊಟ್ಟಿದ್ದಾರೆ. ಆಹಾರ ಇಲಾಖೆಯ ನೋಂದಣಿ ಸಂಖ್ಯೆ ಪೊಟ್ಟಣದ ಮೇಲಿರಬೇಕೆಂಬುದು ಅವರ ಷರತ್ತು. ಅದರ ಅರ್ಜಿ ಹೋಗಿದೆ.

ಎಲ್ಲರೂ ಏಳುವಾಗ, ಹೋಳು ಹೆಚ್ಚುವವರಲ್ಲಿ ಹಿರಿಯಳಾದ ಅಜ್ಜಿಯೊಬ್ಬಳು ಹಲಗೆಯ ಮೇಲಿನ 145ನ್ನು ಬೆರಳಿನಿಂದ ತೋರಿಸಿ, "ಇದು ನಮ್ದೇ ಕೂಲಿ ಅಲ್ವೇನಪ್ಪ? ಹೋದ ಸುಗ್ಗೀದು ಯಾವಾಗ ಕೊಡ್ತೀರಿ?" ಎಂದು ಕೇಳಿದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ಸೀಮೆಸುಣ್ಣ ತೆಗೆದುಕೊಂಡು, ಹಲಗೆಯ ಕೆಳಗೆ ಉಳಿದಿದ್ದ ಜಾಗದಲ್ಲಿ ಆಕೆ ಕೂತ ದಿನಗಳನ್ನು ಕೇಳಿ ಕೇಳಿ ಬರೆಯತೊಡಗಿದ.