ಸಾಗುವಾನಿ ಗುಡ್ಡೆಗೆ ದನ ಬಿಡುವ ಮೊದಲು

ಪುತ್ತೂರು ಕಡೆಯ ನಮ್ಮ ಮನೆಯ ಹಿಂದೆ ಗುಡ್ಡೆಯಲ್ಲಿ ಒಂದೂವರೆ ಎಕ್ರೆ ಸಾಗುವಾನಿ ಇದೆ. 2014ರಲ್ಲಿ 8 ಅಡಿ ಅಂತರದಲ್ಲಿ ನೆಟ್ಟದ್ದು. ಈ ಲೆಕ್ಕದಲ್ಲಿ ಎಕ್ರೆಗೆ ಸುಮಾರು 680 ಗಿಡ ಹಿಡಿಯುತ್ತದೆ. ಮೊದಲೆರಡು ವರ್ಷ ಆಳು ಮಾಡಿ ಕಾಡು ಸವರಿಸಿದೆ. ಮೂರನೇ ವರ್ಷ ಜನ ಸಿಗಲಿಲ್ಲ. ಮುಳಿಹುಲ್ಲು ಎದೆಮಟ್ಟ ಬೆಳೆದು ಒಣಗಿತು. 2017ರ ಮಾರ್ಚಿನಲ್ಲಿ ಆಚೆ ಗುಡ್ಡೆಯ ಬೆಂಕಿ ಇತ್ತ ಹಾರಿತು. ಹಸಿ ಸೊಪ್ಪಿನಿಂದ ಬಡಿದು ನಂದಿಸುವಷ್ಟರಲ್ಲಿ ಮೂಲೆಯ 60 ಗಿಡ ಸುಟ್ಟಿದ್ದವು.

ಆ ಮಳೆಗಾಲಕ್ಕೇ ಹಟ್ಟಿಯ ನಾಲ್ಕು ದನ ಬಿಟ್ಟೆ. ಸಾಗುವಾನಿ ಎಲೆ ದೊರಗು, ದನಕ್ಕೆ ಬೇಡ ಎಂಬ ಧೈರ್ಯ. ಎಲೆ ತಿನ್ನಲಿಲ್ಲ, ಸರಿ. ಆದರೆ ಮೈ ತುರಿಸಿಕೊಳ್ಳಲು ಅವಕ್ಕೊಂದು ಕಂಬ ಬೇಕಲ್ಲ! ಮಣಿಕಟ್ಟಿನಷ್ಟು ದಪ್ಪದ 23 ಗಿಡ ಮುರಿದವು. ಇನ್ನೊಂದು ತಪ್ಪು, ಗೂಟ ಹೊಡೆಯಲು ಉದಾಸೀನ ಮಾಡಿ ಮರಕ್ಕೇ ಹಗ್ಗ ಕಟ್ಟಿದ್ದು. ಹಗ್ಗ ಉಜ್ಜಿ ತೊಗಟೆ ಸುತ್ತಲೂ ಎದ್ದುಹೋಯಿತು. ಸುಟ್ಟದ್ದು, ಮುರಿದದ್ದು ಎಲ್ಲವನ್ನೂ ಮರುವರ್ಷ ಮಳೆಗೆ ಮುಂಚೆ ನೆಲಮಟ್ಟಕ್ಕೆ ಕಡಿದೆ. ಹೆಚ್ಚಿನವು ಬುಡದಿಂದ ಚಿಗುರಿದವು. ಗಟ್ಟಿಯಾದ ಒಂದು ಚಿಗುರು ಉಳಿಸಿ ಬಾಕಿಯದ್ದು ತೆಗೆದೆ. ಸಾಗುವಾನಿಯ ದೊಡ್ಡ ಗುಣ ಅದು.

ಈಗ ನಾವು ಮಾಡುವುದು ಹೀಗೆ. ದನ ಮೈ ಉಜ್ಜಿದರೂ ಬಾಗದಷ್ಟು ಕಾಂಡ ದಪ್ಪವಾಗುವವರೆಗೆ ಒಳಗೆ ಬಿಡುವುದೇ ಇಲ್ಲ. ಜೂನ್-ಜುಲೈಯಲ್ಲೂ ಬೇಡ; ನೆನೆದ ಇಳಿಜಾರಿನಲ್ಲಿ ಗೊರಸು ಊರಿ ಮಣ್ಣು ಜಾರುತ್ತದೆ. ಮಳೆ ಸಡಿಲಿದ ಮೇಲೆ, ಸೆಪ್ಟೆಂಬರಿನಿಂದ ಮುಳಿ ಬಲಿಯುವ ತನಕ ಮೇಯಿಸಬೇಕು. ಬಲಿತದ್ದನ್ನು ಅವು ಮೂಸಿಯೂ ನೋಡುವುದಿಲ್ಲ. ಇದಕ್ಕೆ ಊರ ಗಿಡ್ಡ ದನವೇ ಸರಿ. ನಮ್ಮ ಜರ್ಸಿಗೆ ಗುಡ್ಡೆ ಹತ್ತುವುದೆಂದರೆ ಸೋಮಾರಿತನ. ಆಡು ಬೇಡ, ತೊಗಟೆಗೇ ಬಾಯಿ ಹಾಕುತ್ತದೆ.

ದನ ಬಿಟ್ಟರೆ ಕಳೆಯ ಚಿಂತೆ ಮುಗಿಯಿತು ಅಂದುಕೊಳ್ಳಬೇಡಿ. ಅವು ಹುಲ್ಲು ತಿಂದು ಕಮ್ಯುನಿಸ್ಟ್ ಗಿಡವನ್ನು ಬಿಡುತ್ತವೆ. ಖಾಲಿಯಾದ ಜಾಗವನ್ನೆಲ್ಲ ಅದು ಹಿಡಿಯುತ್ತದೆ. ಲಂಟಾನ ಇನ್ನೂ ಕಷ್ಟ. ಹಸಿದ ದನ ಅದನ್ನು ತಿಂದರೆ ಲಿವರ್ ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಇವೆರಡನ್ನೂ ನೆಲ ಹಸಿ ಇರುವಾಗಲೇ ಬೇರು ಸಮೇತ ಕೀಳುವುದು ನಮ್ಮ ಪಾಲಿನ ಕೆಲಸ. ಎರಡು ವರ್ಷ ಬಿಡದೆ ಕಿತ್ತ ಮೇಲೆ ಸವರುವುದು ವರ್ಷಕ್ಕೆ ಒಂದೇ ಸಲಕ್ಕೆ ಇಳಿಯಿತು.

ನೆರಳು ಕೂಡಿದ ಹಾಗೆ ಮೇವೂ ಕಡಿಮೆ. 2022ರಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಸೊರಗಿದ ಮರ ತೆಗೆಸಿದೆ. ಬೆಳಕು ಬಿದ್ದು ಹುಲ್ಲು ಮತ್ತೆ ಬಂತು. ಹುಲ್ಲು ಮೇಯಿಸಿದರೂ ಉದುರಿದ ಎಲೆ ಬೆಂಕಿಗೆ ಸಾಕು. ಹಾಗಾಗಿ ಬೇಸಗೆಯಲ್ಲಿ ಗಡಿಯುದ್ದಕ್ಕೂ 10 ಅಡಿ ಅಗಲ ಗುಡಿಸಿ, ಆ ತರಗೆಲೆಯನ್ನು ಹಟ್ಟಿಗೆ ಹಾಕುತ್ತೇವೆ.